ಫಾರ್ಮ್ಯಾಟ್ ಮಾಡ್ಬೇಕು ಸಾರ್

ಕೆಟ್ಟು ನಿಂತ ಕಂಪ್ಯೂಟರಿನಿಂದ ಮನೆಗೆ ಅಂಥ ತೊಂದರೆಯೇನಿಲ್ಲ. ಅದರ ಮೇಲೊಂದು ಹಳೆಯ ಟವೆಲು ಹೊದಿಸಿ, ಟವೆಲಿನ ಮೇಲೆ ಪೇಪರಿನ ಕಟ್ಟು ಇಟ್ಟು, ‘ಮುಂದಿನ ತಿಂಗಳು ನೋಡೋಣ’ ಎಂದರೆ ಮುಗಿಯಿತು. ಚೆನ್ನಾಗಿ ನಡೆಯುವ ಕಂಪ್ಯೂಟರಿನಿಂದಲೂ ತೊಂದರೆಯಿಲ್ಲ. ಅದು ಇದೆ ಎನ್ನುವುದೇ ಯಾರಿಗೂ ನೆನಪಿರುವುದಿಲ್ಲ. ಸಂಸಾರ ಒಡೆಯುವುದು ಮೂರನೆಯ ಜಾತಿಯದು. ಕೆಲಸದ ಮಧ್ಯೆ ಗಪ್ಪನೆ ಕಣ್ಣು ಮುಚ್ಚಿ, ಎರಡು ಕ್ಷಣ ಬಿಟ್ಟು, ಏನೂ ನಡೆದೇ ಇಲ್ಲವೆಂಬಂತೆ ಕಂಪನಿಯ ಲಾಂಛನ ತೋರಿಸುತ್ತ ತಾನಾಗಿಯೇ ಎದ್ದು ಕೂರುವ ಜಾತಿ. ಮಗಳ ಮದುವೆಯ ಕರೆಯೋಲೆಯನ್ನು ‘ನುಡಿ’ಯಲ್ಲಿ ಟೈಪು ಮಾಡುತ್ತ ‘ಸುಖಾಗಮನ ಬಯಸುವವರು’ ಎಂಬಲ್ಲಿಗೆ ಬಂದಿರುತ್ತೀರಿ. ದೊಡ್ಡಪ್ಪನ ಹೆಸರು ಮೊದಲೋ ಸೋದರಮಾವನ ಹೆಸರು ಮೊದಲೋ ಎಂಬ ಜಗಳ ಇನ್ನೇನು ಇತ್ಯರ್ಥವಾಯಿತು ಎನ್ನುವಾಗ ಪರದೆ ಕಪ್ಪು. ಕರೆಯೋಲೆಯೂ ಮೊದಲಿನಿಂದ, ಜಗಳವೂ ಮೊದಲಿನಿಂದ.

ಈ ರೋಗಕ್ಕೆ ಇನ್ನೊಂದು ಕೆಟ್ಟ ಗುಣವಿದೆ. ತೋರಿಸಲು ಹೋದರೆ ಬರುವುದಿಲ್ಲ. ರಿಪೇರಿ ಹುಡುಗ ಬಂದು ಕೂತು, ಕಾಫಿ ಮುಗಿಸಿ, ಯೂಟ್ಯೂಬಿನಲ್ಲಿ ಎರಡು ಹಾಡು ಹಾಕಿ ನೋಡುವಷ್ಟು ಹೊತ್ತೂ ಯಂತ್ರ ತಲೆ ತಗ್ಗಿಸಿಕೊಂಡು ದುಡಿಯುತ್ತದೆ. ‘ಚೆನ್ನಾಗೇ ಇದ್ಯಲ್ಲ ಸಾರ್’ ಎಂದು ವಿಸಿಟಿಂಗ್ ಚಾರ್ಜು ಜೇಬಿಗಿಳಿಸಿ ಅವನು ಗೇಟು ದಾಟುವ ಹೊತ್ತಿಗೆ ಟುಸ್. ಯಜಮಾನನ ಮಾನ ಕಳೆಯುವುದಕ್ಕೆ ಮಾತ್ರ ಅದಕ್ಕೆ ಸಂಕೋಚವೇ ಇಲ್ಲ. 1998ರ ಏಪ್ರಿಲಿನಲ್ಲಿ, ಶಿಕಾಗೋದ ಮೇಳವೊಂದರಲ್ಲಿ, ಸಾಕ್ಷಾತ್ ಬಿಲ್ ಗೇಟ್ಸ್ ವೇದಿಕೆಯ ಮೇಲಿರುವಾಗ, ಇನ್ನೂ ಮಾರುಕಟ್ಟೆಗೆ ಬಾರದಿದ್ದ ವಿಂಡೋಸ್ 98ಕ್ಕೆ ಸ್ಕ್ಯಾನರ್ ಜೋಡಿಸಿ ತೋರಿಸಲು ಹೋದರು. ಸಭೆಯೆದುರೇ ನೀಲಿ ಪರದೆ ಬಂತು. ಅವರಿಗೇ ಹಾಗಾದ ಮೇಲೆ ನಾವು ಕಂತಿನಲ್ಲಿ ಕೊಂಡವರು, ನಮ್ಮ ಪಾಡೇನು?

ಇನ್ನು ಚಿಕಿತ್ಸೆ. ಮನೆಯಲ್ಲಿ ಎಷ್ಟು ಜನರೋ ಅಷ್ಟು ನಿದಾನ. ಮನೆಯ ಯಜಮಾನರು ‘ವೋಲ್ಟೇಜು’ ಎನ್ನುತ್ತಾರೆ. ಫ್ರಿಜ್ ಕೆಟ್ಟಾಗಲೂ ಟಿವಿ ಕೆಟ್ಟಾಗಲೂ ಅವರು ಹೇಳಿದ್ದು ಅದನ್ನೇ. ಕಾಲೇಜಿಗೆ ಹೋಗುವ ಮಗ ‘ಗ್ರಾಫಿಕ್ಸ್ ಕಾರ್ಡು ಹಳೇದಾಯ್ತಪ್ಪ’ ಎನ್ನುತ್ತಾನೆ. ಆಸೆಯೇ ಅಲ್ಲಿ ರೋಗನಿದಾನದ ವೇಷ ಹಾಕಿ ಬಂದಿದೆ. ‘ಬೆಳಗ್ಗಿಂದ ರಾತ್ರಿವರ್ಗೂ ಉರಿಸ್ತಾ ಕೂತ್ರೆ ಅದಕ್ಕೂ ಸುಸ್ತಾಗಲ್ವೇನೋ?’ ಎನ್ನುವುದು ಅಜ್ಜಿ. ಇವರೆಲ್ಲರಲ್ಲಿ ಸತ್ಯಕ್ಕೆ ಹತ್ತಿರವಿರುವುದು ಬಹುಪಾಲು ಅಜ್ಜಿಯೇ, ಆದರೆ ಅವರಿಗೆ ಇಂಗ್ಲಿಷ್ ಬಾರದ್ದರಿಂದ ಆ ಮಾತು ಲೆಕ್ಕಕ್ಕಿಲ್ಲ. ಕೊನೆಗೆ ಫೋನು ಹೋಗುವುದು ವೈಟ್‌ಫೀಲ್ಡಿನ ಭಾವಮೈದನಿಗೆ. ಅವನು ಸಾಫ್ಟ್‌ವೇರ್. ಅಮೆರಿಕದ ಬ್ಯಾಂಕಿನ ಲೆಕ್ಕವೆಲ್ಲ ಅವನ ಬೆರಳ ತುದಿಯಲ್ಲಿ. ಕಂಪ್ಯೂಟರಿನ ಡಬ್ಬ ಬಿಚ್ಚಿ ನೋಡಿದ್ದು ಮಾತ್ರ ಇಂಜಿನಿಯರಿಂಗಿನ ಎರಡನೇ ಸೆಮಿಸ್ಟರಿನಲ್ಲಿ, ಅದೂ ದೂರದಿಂದ. ಅವನು ಗಂಭೀರವಾಗಿ ಕೇಳುತ್ತಾನೆ: ‘ಭಾವ, ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡಿದ್ರಾ?’

ಅಯ್ಯಾ ಪುಣ್ಯಾತ್ಮ, ಬೆಳಗ್ಗಿಂದ ಅದು ಮಾಡುತ್ತಿರುವುದೇ ಅದನ್ನಲ್ಲವೆ!

ಇಷ್ಟಾದ ಮೇಲೆ ಡಬ್ಬ ಆಟೋ ಹತ್ತಿ ಅಂಗಡಿಗೆ ಹೋಗುತ್ತದೆ. ಅಲ್ಲಿ ಒಂದೇ ಮಂತ್ರ: ‘ಫಾರ್ಮ್ಯಾಟ್ ಮಾಡ್ಬೇಕು ಸಾರ್.’ ಪ್ರಿಂಟರ್ ಓಡದಿದ್ದರೆ ಫಾರ್ಮ್ಯಾಟ್, ನಿಧಾನವಾದರೆ ಫಾರ್ಮ್ಯಾಟ್, ಕುರ್ಚಿಯ ಚಕ್ರ ಮುರಿದಿದೆ ಎಂದರೂ ಹುಡುಗನ ಕೈ ಪೆನ್‌ಡ್ರೈವಿನ ಕಡೆಗೇ ಹೋಗುತ್ತದೆ. ಫಾರ್ಮ್ಯಾಟಿನಿಂದ ವಾಸಿಯಾಗುವ ಕಾಯಿಲೆಗಳು ಇಲ್ಲವೆಂದಲ್ಲ. ಕೆಟ್ಟ ಡ್ರೈವರು, ವೈರಸ್ಸು, ಅರ್ಧಕ್ಕೆ ನಿಂತ ಅಪ್‌ಡೇಟು, ಇವೆಲ್ಲ ಹೋಗುತ್ತವೆ. ಆದರೆ ಫ್ಯಾನಿನಲ್ಲಿ ಕಟ್ಟಿಕೊಂಡ ಧೂಳು ಹೋಗುವುದಿಲ್ಲ, ಯಂತ್ರಕ್ಕೆ ಕರೆಂಟು ಒದಗಿಸುವ ಎಸ್‌ಎಂಪಿಎಸ್ಸಿನ ಸುಸ್ತು ಹೋಗುವುದಿಲ್ಲ. ಹೋಗುವುದು 2011ರ ಧರ್ಮಸ್ಥಳ ಪ್ರವಾಸದ ಫೋಟೋಗಳು. ಕಾಯಿಲೆ ಫಾರ್ಮ್ಯಾಟಿಗೆ ಬಗ್ಗುವುದೋ ಇಲ್ಲವೋ ತಿಳಿಯಲು ಅಂಗಡಿಯವರೆಗೂ ಹೋಗಬೇಕಾಗಿಲ್ಲ. ಯಂತ್ರ ಆನ್ ಆದ ಕೂಡಲೇ, ವಿಂಡೋಸಿನ ಗುರುತು ಬರುವ ಮುಂಚೆಯೇ, ಬಯೋಸ್ ಪರದೆಗೆ ಹೋಗಿ ಸುಮ್ಮನೆ ಬಿಟ್ಟು ನೋಡಿ. ಅಲ್ಲಿ ವಿಂಡೋಸೂ ಇಲ್ಲ, ವೈರಸ್ಸೂ ಇಲ್ಲ. ಅಲ್ಲಿಯೂ ಬಿದ್ದು ಎದ್ದರೆ ಫಾರ್ಮ್ಯಾಟಿನವನಿಗೆ ಕೈ ಮುಗಿದು ಡಬ್ಬ ವಾಪಸು ತನ್ನಿ.

ಇಷ್ಟು ಜನರನ್ನು ಕೇಳಿ ಆಯಿತು. ಕೇಳದೆ ಬಿಟ್ಟದ್ದು ಯಾರನ್ನು? ಕಂಪ್ಯೂಟರನ್ನು. ಅದು ಎಲ್ಲವನ್ನೂ ಬರೆದಿಟ್ಟಿರುತ್ತದೆ. ಓದುವವರಿಲ್ಲ ಅಷ್ಟೆ.

ಮೊದಲ ತಪ್ಪು ವಿಂಡೋಸಿನದೇ. ಒಳಗೆ ಏನಾದರೂ ಮುರಿದಾಗ ಅದು ನೀಲಿ ಪರದೆ ತೋರಿಸಿ ಕಾರಣದ ಸಂಕೇತ ಬರೆಯುತ್ತದೆ. ಆದರೆ ಅದರ ಹುಟ್ಟು ಸೆಟ್ಟಿಂಗಿನಲ್ಲಿ ‘ಆಟೊಮ್ಯಾಟಿಕಲಿ ರೀಸ್ಟಾರ್ಟ್’ ಎಂಬ ಚೌಕಕ್ಕೆ ಟಿಕ್ ಬಿದ್ದಿರುತ್ತದೆ. ಹೀಗಾಗಿ ನೀವು ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಪರದೆಯೂ ಇಲ್ಲ, ಕಾರಣವೂ ಇಲ್ಲ. 2012ರ ವಿಂಡೋಸ್ 8ರಿಂದ ಆ ಪರದೆಗೆ ಅಳುಮುಖವೊಂದನ್ನು ಸೇರಿಸಿದರು. ನಮ್ಮ ಕೆಲಸ ಹೋದದ್ದಕ್ಕೆ ಅದು ಅಳುವ ನಾಟಕ. 2025ರಲ್ಲಿ ನೀಲಿ ತೆಗೆದು ಕಪ್ಪು ಬಳಿದರು, ಅಳುವುದನ್ನೂ ನಿಲ್ಲಿಸಿದರು. ಬಣ್ಣ ಯಾವುದಾದರೇನು, ಓದಲು ಬಿಡಬೇಕಲ್ಲ. ಸಿಸ್ಟಂ ಪ್ರಾಪರ್ಟೀಸಿಗೆ ಹೋಗಿ, ಅಡ್ವಾನ್ಸ್‌ಡ್ ಎಂಬಲ್ಲಿ ‘ಸ್ಟಾರ್ಟಪ್ ಅಂಡ್ ರಿಕವರಿ’ ತೆರೆದು ಆ ಟಿಕ್ಕನ್ನು ತೆಗೆದುಬಿಡಿ. ಮುಂದಿನ ಸಲ ಬಿದ್ದಾಗ ಬಿದ್ದಲ್ಲೇ ಇರುತ್ತದೆ. ಮೊಬೈಲಿನಲ್ಲಿ ಫೋಟೋ ಹೊಡೆದುಕೊಳ್ಳಿ. ಪ್ರತಿಸಲವೂ ಒಂದೇ ಸಂಕೇತ, ಒಂದೇ ಫೈಲಿನ ಹೆಸರು ಬಂದರೆ ಹೆಚ್ಚಾಗಿ ಅದು ಯಾವುದೋ ಡ್ರೈವರಿನ ಕಿತಾಪತಿ. ಸಲಕ್ಕೊಂದು ಹೊಸ ಸಂಕೇತ ಹೇಳತೊಡಗಿದರೆ ರ‍್ಯಾಮಿನ ಮೇಲೆ ಗುಮಾನಿ ಇಡಿ. ಸಾಕ್ಷಿ ಮಾತು ಬದಲಿಸಿದರೆ ಸಾಕ್ಷಿಯನ್ನೇ ಹಿಡಿಯಬೇಕು.

ಟಿಕ್ ತೆಗೆದ ಮೇಲೂ ನೀಲಿಯೂ ಇಲ್ಲ, ಕಪ್ಪೂ ಇಲ್ಲ, ಸೀದಾ ರೀಸ್ಟಾರ್ಟು ಎಂದರೆ ಈವೆಂಟ್ ವ್ಯೂವರ್ ತೆರೆಯಿರಿ. ವಿಂಡೋಸಿನ ದಿನಚರಿ ಅದು. ಸಿಸ್ಟಂ ವಿಭಾಗದಲ್ಲಿ ಕೆಂಪು ಗುರುತಿನ ಪಕ್ಕ ‘ಕರ್ನಲ್-ಪವರ್ 41’ ಎಂಬ ನಮೂದು ಸಿಗುತ್ತದೆ. ಅದನ್ನು ಕಂಡವರೆಲ್ಲ ‘ಆಹಾ, 41ನೇ ನಂಬರಿನ ಕಾಯಿಲೆ!’ ಎಂದು ಕುಣಿದಾಡುವುದುಂಟು. ಅದು ಕಾಯಿಲೆಯ ಹೆಸರಲ್ಲ. ಸಂತೆಯಲ್ಲಿ ತಲೆತಿರುಗಿ ಬಿದ್ದವನು ಎಚ್ಚರವಾದ ಮೇಲೆ ‘ನಾನು ಬಿದ್ದಿದ್ದೆ ಅಂತ ಕಾಣುತ್ತೆ’ ಎನ್ನುತ್ತಾನಲ್ಲ, ಅಷ್ಟೇ ಅದರ ಅರ್ಥ. ಹಿಂದಿನ ಸಲ ಕ್ರಮವಾಗಿ ಮುಚ್ಚದೆ ಯಂತ್ರ ನಿಂತುಹೋಗಿತ್ತು ಎಂದು, ಎದ್ದ ಮೇಲೆ ಬರೆದದ್ದು. ಸ್ವಾರಸ್ಯ ಇರುವುದು ಒಳಗಿನ ವಿವರದಲ್ಲಿ. ಅಲ್ಲಿ ‘ಬಗ್‌ಚೆಕ್ ಕೋಡ್’ ಎಂಬ ಸಾಲಿದೆ. ಅದರ ಮುಂದೆ ಸೊನ್ನೆ ಬಿಟ್ಟು ಬೇರೆ ಅಂಕಿ ಇದ್ದರೆ ವಿಂಡೋಸು ಒಳಗೊಳಗೇ ಕುಸಿದದ್ದು. ಸೊನ್ನೆ ಇದ್ದರೆ ಅದಕ್ಕೆ ಕುಸಿಯಲೂ ಪುರುಸೊತ್ತು ಸಿಗಲಿಲ್ಲ, ಕಾಲಕೆಳಗಿನ ಕರೆಂಟನ್ನೇ ಯಾರೋ ಎಳೆದುಕೊಂಡರು ಎಂದು ಸಾಮಾನ್ಯವಾಗಿ ತಿಳಿಯಬಹುದು. ಇನ್ನೊಂದು ಸಾಲು ‘ಪವರ್ ಬಟನ್ ಟೈಮ್‌ಸ್ಟ್ಯಾಂಪ್’. ಪವರ್ ಬಟನ್ನನ್ನು ಯಾರಾದರೂ ಒತ್ತಿ ಹಿಡಿದು ಆರಿಸಿದ್ದರೆ ಅಲ್ಲಿ ಸೊನ್ನೆಯ ಬದಲು ಉದ್ದದ ಅಂಕಿ ಕೂತಿರುತ್ತದೆ. ‘ನಾನಲ್ಲ, ಅದೇ ಆಫ್ ಆಯ್ತು’ ಎನ್ನುವ ಪುಟ್ಟ ಮೊಮ್ಮಗನಿಗೂ, ‘ಮಗೂನೇ ಏನೋ ಮಾಡಿರ್ಬೇಕು’ ಎನ್ನುವ ತಾತನಿಗೂ ನಡುವಿನ ವ್ಯಾಜ್ಯವನ್ನು ಈ ಒಂದು ಸಾಲು ತೀರಿಸಬಲ್ಲದು. ತೀರಿಸಬೇಕೋ ಬೇಡವೋ ಎನ್ನುವುದು ನಿಮ್ಮ ಮನೆಯ ವಿಚಾರ.

ದಿನಚರಿಯಿಂದ ಸಿಗುವ ಇನ್ನೊಂದು ಲಾಭ ಹೊತ್ತು. ನನ್ನ ಮಟ್ಟಿಗೆ ಈ ರೋಗಕ್ಕೆ ಕೇಳಬೇಕಾದ ಪ್ರಶ್ನೆ ‘ಯಾಕೆ’ ಅಲ್ಲ, ‘ಯಾವಾಗ’. ಯಾಕೆ ಎಂದು ಕೇಳಿದರೆ ಊರೆಲ್ಲ ಉತ್ತರ ಹೇಳುತ್ತದೆ. ಯಾವಾಗ ಎಂದು ಕೇಳಿದರೆ ಎಲ್ಲರೂ ಬಾಯಿ ಮುಚ್ಚುತ್ತಾರೆ, ಏಕೆಂದರೆ ಯಾರೂ ನೋಡಿರುವುದಿಲ್ಲ.

ಏಪ್ರಿಲಿನ ಮಧ್ಯಾಹ್ನ, ಮಗ ಗೇಮಿಗೆ ಕೂತ ಸ್ವಲ್ಪ ಹೊತ್ತಿಗೆ ಬೀಳುತ್ತದೆಯೆ? ತಕ್ಷಣ ಮತ್ತೆ ಆನ್ ಮಾಡಿದರೆ ಮೊದಲಿಗಿಂತ ಬೇಗ ಬೀಳುತ್ತದೆಯೆ? ಹಾಗಿದ್ದರೆ ಗೆದ್ದದ್ದು ಅಜ್ಜಿ. ಪ್ರೊಸೆಸರು ನೂರು ಡಿಗ್ರಿ ಸೆಲ್ಸಿಯಸ್ಸಿನ ಹತ್ತಿರ ಹೋದಾಗ ಮೊದಲು ವೇಗ ಇಳಿಸುತ್ತದೆ, ಅದಕ್ಕೂ ಬಗ್ಗದಿದ್ದರೆ ತನ್ನನ್ನು ಉಳಿಸಿಕೊಳ್ಳಲು ನಿಂತೇಬಿಡುತ್ತದೆ. ಇದರಲ್ಲಿ ಅದರ ತಪ್ಪಿಲ್ಲ. ನಮ್ಮ ಕಂಪ್ಯೂಟರ್ ಟೇಬಲ್ಲುಗಳನ್ನು ನೋಡಿ. ಡಬ್ಬ ಇಡಲು ಕೆಳಗೊಂದು ಗೂಡು, ಗೂಡಿಗೊಂದು ಬಾಗಿಲು, ಬಾಗಿಲಿಗೊಂದು ಬೀಗದ ವ್ಯವಸ್ಥೆ. ಅಷ್ಟೂ ಸಾಲದೆಂದು ಧೂಳು ಕೂರಬಾರದೆಂಬ ಕಳಕಳಿಯಿಂದ ಹೂವಿನ ಕಸೂತಿ ಹಾಕಿದ ಬಟ್ಟೆಯ ಗವಸು. ಧೂಳು ಆ ಕಸೂತಿಯನ್ನು ಮೆಚ್ಚಿಕೊಂಡೇ ಒಳಗೆ ಹೋಗುತ್ತದೆ. ಹೊರಬರಲಾಗದ್ದು ಬಿಸಿಗಾಳಿ ಮಾತ್ರ. ಕೇಬಲ್ಲು ಕಿತ್ತು, ಡಬ್ಬವನ್ನು ಬಾಲ್ಕನಿಗೆ ಒಯ್ದು, ಪಕ್ಕದ ಹಲಗೆ ಬಿಚ್ಚಿ ಬ್ಲೋವರು ಹಿಡಿಯಿರಿ. ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದು ಹಿಡಿದೇ ಊದಬೇಕು, ಇಲ್ಲದಿದ್ದರೆ ಅದು ಅಡ್ಡಾದಿಡ್ಡಿ ತಿರುಗಿ ಕೆಡುತ್ತದೆ. ಪ್ರೊಸೆಸರಿಗೂ ಅದರ ಮೇಲಿನ ಲೋಹದ ಕೂಲರಿಗೂ ನಡುವೆ ಬಳಿದ ಥರ್ಮಲ್ ಪೇಸ್ಟು ವರ್ಷಗಳು ಕಳೆದಂತೆ ಒಣಗಿ ಪುಡಿಯಾಗಿರುತ್ತದೆ. ಕಡಲೆಕಾಳಿನಷ್ಟು ಹೊಸದು ಸಾಕು. ಈ ಕೆಲಸ ಮಾಡುವಾಗ ಒಳಗೆ ಸತ್ತ ಹಲ್ಲಿ ಸಿಕ್ಕರೆ ಗಾಬರಿ ಬೇಡ. ಮದರ್‌ಬೋರ್ಡಿನ ಮೇಲೆ ಬೆಚ್ಚಗೆ ಮಲಗಲು ಬಂದು ಎರಡು ತಂತಿಗಳ ನಡುವೆ ಪ್ರಾಣ ಬಿಟ್ಟ ಹಲ್ಲಿಗಳ ಕಥೆ ಯಾವ ರಿಪೇರಿಯವನನ್ನು ಕೇಳಿದರೂ ಹೇಳುತ್ತಾನೆ.

ಗೇಮು ಇಲ್ಲ, ಬಿಸಿಲೂ ಇಲ್ಲ, ಬೆಳಗ್ಗೆ ಆರೂವರೆಗೆ ಸರಿಯಾಗಿ ಬೀಳುತ್ತದೆ ಎನ್ನುತ್ತೀರಾ? ಆ ಹೊತ್ತಿಗೆ ಮನೆಯಲ್ಲಿ ಇನ್ನೇನು ನಡೆಯುತ್ತದೆ ನೋಡಿ. ಸಂಪಿನ ಮೋಟರು ಹಾಕುವ ಹೊತ್ತಲ್ಲವೆ? ಮೋಟರು ಹೊರಡುವ ಕ್ಷಣದಲ್ಲಿ ತನ್ನ ಮಾಮೂಲಿ ಕರೆಂಟಿನ ಐದಾರು ಪಟ್ಟು ಎಳೆದುಕೊಳ್ಳುತ್ತದೆ. ವೈರಿಂಗ್ ಬಡವಾಗಿದ್ದರೆ ಅಡುಗೆಮನೆಯ ಬಲ್ಬು ಕಣ್ಣು ಮಿಟುಕಿಸುತ್ತದೆ, ಕಂಪ್ಯೂಟರು ಕಣ್ಣು ಮುಚ್ಚುತ್ತದೆ. ವೋಲ್ಟೇಜು ಎಂದ ಯಜಮಾನರಿಗೆ ಇಲ್ಲಿ ಅಪರೂಪಕ್ಕೊಮ್ಮೆ ಗೆಲುವು. ಮೀಸೆ ತಿರುವಲು ಅವಕಾಶ ಕೊಡಿ.

ಆದರೆ ಮಗ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ‘ಇನ್ವರ್ಟರ್ ಇದ್ಯಲ್ಲಪ್ಪ. ಕರೆಂಟ್ ಹೋದ್ರೆ ಫ್ಯಾನ್ ನಿಲ್ಲಲ್ಲ, ಲೈಟ್ ಆರಲ್ಲ, ನನ್ನ ಲ್ಯಾಪ್‌ಟಾಪೂ ಆಫ್ ಆಗಲ್ಲ. ಕಂಪ್ಯೂಟರ್ ಒಂದಕ್ಕೇ ಹೇಗೆ ಬರುತ್ತೆ ವೋಲ್ಟೇಜು?’ ವಾದ ಚೆನ್ನಾಗಿದೆ. ಲ್ಯಾಪ್‌ಟಾಪಿನ ಹೊಟ್ಟೆಯಲ್ಲೇ ಬ್ಯಾಟರಿ ಇರುವುದರಿಂದ ಅದರ ಸಾಕ್ಷಿ ನಡೆಯುವುದಿಲ್ಲ. ಫ್ಯಾನು ಸುತ್ತುತ್ತಿದ್ದ ರಭಸದಲ್ಲೇ ಒಂದು ಕ್ಷಣ ದಾಟುತ್ತದೆ. ಡೆಸ್ಕ್‌ಟಾಪಿನ ಗತಿ ಬೇರೆ. ಗೋಡೆಯ 230 ವೋಲ್ಟನ್ನು ಹನ್ನೆರಡು, ಐದು, 3.3 ವೋಲ್ಟುಗಳಿಗೆ ಇಳಿಸಿ ಕೊಡುವ ಎಸ್‌ಎಂಪಿಎಸ್ಸು, ಕರೆಂಟು ಪೂರ್ತಿ ಹೋದ ಮೇಲೂ ತನ್ನೊಳಗಿನ ಕೆಪ್ಯಾಸಿಟರಿನಲ್ಲಿ ಕೂಡಿಟ್ಟದ್ದರಿಂದ ಯಂತ್ರವನ್ನು ನಡೆಸಬೇಕು. ಎಷ್ಟು ಹೊತ್ತು? ಸುಮಾರು 17 ಮಿಲಿಸೆಕೆಂಡು, ಅಷ್ಟೇ ಅದಕ್ಕೆ ವಿಧಿಸಿದ ನಿಯಮ. ಸೆಕೆಂಡನ್ನು ಸಾವಿರ ಪಾಲು ಮಾಡಿ ಹದಿನೇಳು ಪಾಲು. ನಮ್ಮ 50 ಹರ್ಟ್ಸ್ ಕರೆಂಟಿನ ಒಂದು ಸುತ್ತಿಗೇ 20 ಮಿಲಿಸೆಕೆಂಡು ಬೇಕು. ಇನ್ವರ್ಟರು ಕರೆಂಟು ಹೋದದ್ದನ್ನು ಕಂಡು, ಒಳಗಿನ ರಿಲೇ ಟಕ್ ಎಂದು ಬದಲಿಸಿ, ಬ್ಯಾಟರಿಯಿಂದ ಹರಿಸಲು ಆ ಹದಿನೇಳಕ್ಕಿಂತ ಹೆಚ್ಚು ತೆಗೆದುಕೊಂಡರೆ ಕಥೆ ಮುಗಿಯಿತು. ಲೈಟಿನ ಕೆಳಗೆ ಕೂತು ಪೇಪರು ಓದುವವರಿಗೆ ಅಂಥದ್ದೊಂದು ನಡೆಯಿತೆಂದೂ ಗೊತ್ತಾಗುವುದಿಲ್ಲ.

ಸೋಜಿಗವೆಂದರೆ ಇದಕ್ಕೆ ಮದ್ದು ಬಹಳಷ್ಟು ಇನ್ವರ್ಟರುಗಳಲ್ಲೇ ಇರುತ್ತದೆ. ಒಂದು ಮೂಲೆಯಲ್ಲಿ ಪುಟ್ಟ ಸ್ವಿಚ್ಚು: ಒಂದು ಕಡೆ ಇಕೋ, ಇನ್ನೊಂದು ಕಡೆ ಯುಪಿಎಸ್. ಇಕೋದಲ್ಲಿಟ್ಟರೆ ಅದು ಧಾರಾಳಿ; ಹೊರಗಿನ ವೋಲ್ಟೇಜು ಎಷ್ಟೋ ಕೆಳಗೆ ಜಾರಿದರೂ ಹಾಗೆಯೇ ಒಳಗೆ ಬಿಡುತ್ತದೆ, ಬದಲಾಗುವುದೂ ನಿಧಾನ. ಯುಪಿಎಸ್ ಕಡೆಗೆ ತಳ್ಳಿದರೆ ಶಿಸ್ತು ಬರುತ್ತದೆ, ಚುರುಕೂ ಬರುತ್ತದೆ. ಅಳವಡಿಸಿದವನು ಅದನ್ನು ಎಲ್ಲಿಟ್ಟು ಹೋದನೋ ಅಲ್ಲೇ ಅದು ಇದೆ. ಇನ್ವರ್ಟರಿನ ಮೇಲೆ ಹಳೆಯ ಸೂಟ್‌ಕೇಸಿದೆ, ಸೂಟ್‌ಕೇಸಿನ ಮೇಲೆ ಗೊಂಬೆ ಹಬ್ಬದ ಪೆಟ್ಟಿಗೆ. ಯಾರು ಬಗ್ಗಿ ನೋಡುತ್ತಾರೆ? ‘ನಮ್ಮಲ್ಲಿ ಕಂಪ್ಯೂಟರಿಗೇ ಬೇರೆ ಯುಪಿಎಸ್ ಇದೆ ಕಣ್ರೀ’ ಎನ್ನುವವರು ಅದರ ಬ್ಯಾಟರಿಗೆ ವಯಸ್ಸೆಷ್ಟು ಎಂದು ಲೆಕ್ಕ ಹಾಕಲಿ. ಸಣ್ಣ ಯುಪಿಎಸ್ಸಿನೊಳಗಿನ ಹನ್ನೆರಡು ವೋಲ್ಟಿನ ಸೀಸದ ಬ್ಯಾಟರಿ ನಾಲ್ಕೈದು ವರ್ಷ ಬಾಳಿದರೆ ಅದೇ ಪುಣ್ಯ. ಅದು ತೀರಿಹೋದ ಮೇಲೂ ಹಸಿರು ದೀಪ ಉರಿಯುತ್ತಲೇ ಇರುತ್ತದೆ, ನೀವು ಅದರ ಮೇಲೆ ಭರವಸೆ ಇಡುತ್ತಲೇ ಇರುತ್ತೀರಿ.

ಎಸ್‌ಎಂಪಿಎಸ್ಸಿನ ಮಾತು ಬಂತಲ್ಲ, ಅದನ್ನು ಮುಗಿಸಿಬಿಡೋಣ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಕಂಪ್ಯೂಟರು ಅಸೆಂಬಲ್ ಮಾಡಿಸುವವರು ಪ್ರೊಸೆಸರಿಗೆ ಮೂರು ಅಂಗಡಿ ತಿರುಗುತ್ತಾರೆ, ಮಾನಿಟರಿಗೆ ಐದು. ಎಸ್‌ಎಂಪಿಎಸ್ ಮಾತ್ರ ಕ್ಯಾಬಿನೆಟ್ಟಿನ ಜೊತೆ ಬಿಟ್ಟಿ ಬಂದದ್ದು. ಮೇಲೆ 450 ವಾಟ್ ಎಂದು ಸ್ಟಿಕ್ಕರಿದೆ. ಸ್ಟಿಕ್ಕರು ಅಚ್ಚು ಹಾಕಿಸಲು ವಾಟುಗಳೇನೂ ಖರ್ಚಾಗುವುದಿಲ್ಲ. ಕೈಯಲ್ಲಿ ಎತ್ತಿದರೆ ಅವಲಕ್ಕಿ ಪೊಟ್ಟಣಕ್ಕಿಂತ ಹಗುರ. ಹೊಸ ಗ್ರಾಫಿಕ್ಸ್ ಕಾರ್ಡು ಹಾಕಿದ ದಿನದಿಂದ ರೀಸ್ಟಾರ್ಟು ಶುರುವಾಗಿದ್ದರೆ ಮೊದಲು ಇದನ್ನೇ ಹಿಡಿಯಿರಿ. ಪಕ್ಕದ ಮನೆಯ ಗಟ್ಟಿ ಎಸ್‌ಎಂಪಿಎಸ್ಸನ್ನು ಒಂದು ದಿನಕ್ಕೆ ಕಡ ತಂದು ಹಾಕಿ ನೋಡುವುದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ಡಬ್ಬದೊಳಗಿನ ಆ ಡಬ್ಬವನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ಗು ಕಿತ್ತ ಮೇಲೂ ಅದರ ಕೆಪ್ಯಾಸಿಟರಿನಲ್ಲಿ ಒದೆಯುವಷ್ಟು ಕರೆಂಟು ಉಳಿದಿರುತ್ತದೆ. ಮದರ್‌ಬೋರ್ಡಿನ ಮೇಲಿನ ಕೆಪ್ಯಾಸಿಟರುಗಳನ್ನು ಧಾರಾಳವಾಗಿ ನೋಡಬಹುದು. ತಲೆ ಉಬ್ಬಿದ್ದರೆ, ಕಂದು ರಸ ಒಸರಿದ್ದರೆ, ಅವು ನಿವೃತ್ತಿ ಕೇಳುತ್ತಿವೆ. 2000ದ ದಶಕದ ಮೊದಲ ವರ್ಷಗಳಲ್ಲಿ ತಯಾರಾದ ಬೋರ್ಡುಗಳಲ್ಲಿ ಕೆಟ್ಟ ರಸಾಯನ ತುಂಬಿದ ಕೆಪ್ಯಾಸಿಟರುಗಳು ಲೋಕದಾದ್ಯಂತ ಹೀಗೆ ಉಬ್ಬಿ ಸತ್ತವು. ಆಗ ಫಾರ್ಮ್ಯಾಟ್ ಮಾಡಿಸಿಕೊಂಡವರ ಸಂಖ್ಯೆ ದೇವರಿಗೇ ಗೊತ್ತು.

ರ‍್ಯಾಮಿನದು ಸಣ್ಣ ವಿಚಾರ. ಕಿತ್ತು, ಚಿನ್ನದ ಬಣ್ಣದ ಅಂಚನ್ನು ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಮತ್ತೆ ಸೇರಿಸುವುದು ನಮ್ಮ ರಿಪೇರಿ ಹುಡುಗರ ಹಳೆಯ ವಿದ್ಯೆ. ನಗಬೇಡಿ, ಎಷ್ಟೋ ಸಲ ಕೆಲಸ ಮಾಡುತ್ತದೆ. ಎರಡಿದ್ದರೆ ಒಂದೊಂದನ್ನೇ ಹಾಕಿ ನೋಡಬಹುದು. ರಾತ್ರಿ ಮಲಗುವಾಗ ಮೆಮ್‌ಟೆಸ್ಟ್ ಎಂಬ ಪರೀಕ್ಷೆ ಓಡಿಸಿಟ್ಟರೆ ಬೆಳಗ್ಗೆ ಫಲಿತಾಂಶ. ಏನು ಮಾಡಿದರೂ ಕಾರಣ ಸಿಗದೆ ‘ಗ್ರಹಚಾರ’ ಎಂದು ಕೈಚೆಲ್ಲುವವರನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. 2003ರಲ್ಲಿ ಬೆಲ್ಜಿಯಂನ ಒಂದು ಚುನಾವಣೆಯಲ್ಲಿ ಅಭ್ಯರ್ಥಿಯೊಬ್ಬರಿಗೆ ಸರಿಯಾಗಿ 4096 ಮತ ಹೆಚ್ಚಿಗೆ ಬಿದ್ದಿತ್ತು. ಕಂಪ್ಯೂಟರಿನ ನೆನಪಿನಲ್ಲಿ ಒಂದೇ ಒಂದು ‘ಬಿಟ್’ ಸೊನ್ನೆಯಿಂದ ಒಂದಕ್ಕೆ ಹೊರಳಿದರೆ ಆಗುವ ವ್ಯತ್ಯಾಸ ಅದು. ಬೇರೆ ಕಾರಣ ಸಿಗದೆ ಆಕಾಶದಿಂದ ಬಂದ ವಿಶ್ವಕಿರಣದ ಮೇಲೆ ಸಂಶಯಪಟ್ಟರು. ನಮ್ಮ ಜೋಯಿಸರು ಇದನ್ನೇ ಹೇಳಿದ್ದರೆ ಮೂಢನಂಬಿಕೆ ಎನ್ನುತ್ತಿದ್ದೆವು.

ಹಾಗೆಂದು ಎಲ್ಲ ರೀಸ್ಟಾರ್ಟೂ ಡಬ್ಬದೊಳಗಿನದಲ್ಲ. 2003ರ ಆಗಸ್ಟಿನಲ್ಲಿ ವಿಂಡೋಸ್ ಎಕ್ಸ್‌ಪಿ ಇದ್ದವರಿಗೆ ಬ್ಲಾಸ್ಟರ್ ಎಂಬ ಹುಳು ನೆನಪಿರಬೇಕು. ಇಂಟರ್‌ನೆಟ್ ಜೋಡಿಸಿದ ಕೂಡಲೇ ‘60 ಸೆಕೆಂಡಿನಲ್ಲಿ ಮುಚ್ಚುತ್ತೇನೆ, ಕೆಲಸ ಉಳಿಸಿಕೊಳ್ಳಿ’ ಎಂಬ ಪೆಟ್ಟಿಗೆ ಬಂದು ಎಣಿಕೆ ಇಳಿಯತೊಡಗುತ್ತಿತ್ತು. ನೋಟಿಸು ಕೊಟ್ಟು ಬೀಳುತ್ತಿದ್ದ ಸಂಭಾವಿತ ಕಾಯಿಲೆ ಅದು. ರನ್ ಪೆಟ್ಟಿಗೆಯಲ್ಲಿ ‘ಶಟ್‌ಡೌನ್ ಮೈನಸ್ ಎ’ ಎಂದು ಬೇಗ ಬೇಗ ಟೈಪು ಮಾಡಿ ಎಣಿಕೆ ನಿಲ್ಲಿಸಬಲ್ಲವನು ಅಂದಿನ ಬೀದಿಯ ಹೀರೋ. ಹುಳು ಹೊಕ್ಕ ಕಿಂಡಿಯನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಹಿಂದಿನ ತಿಂಗಳೇ ಕೊಟ್ಟಿತ್ತು, ಹಾಕಿಕೊಂಡವರಿರಲಿಲ್ಲ. ಇಪ್ಪತ್ತೊಂದು ವರ್ಷದ ಮೇಲೆ ಕಥೆ ತಿರುವುಮುರುವು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಾವಲು ಕಂಪನಿಯ ಅಪ್‌ಡೇಟನ್ನು ಹಾಕಿಕೊಂಡ ಕಂಪ್ಯೂಟರುಗಳೇ ಬಿದ್ದು ಎದ್ದು ಹೊರಳಾಡಿದವು. ಮೈಕ್ರೋಸಾಫ್ಟಿನ ಅಂದಾಜಿನಂತೆ ಸುಮಾರು 85 ಲಕ್ಷ. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದುಕೊಟ್ಟರು. ಆ ದಿನ ಮೈಕ್ರೋಸಾಫ್ಟ್ ತನ್ನ ಕ್ಲೌಡಿನ ಗಿರಾಕಿಗಳಿಗೆ ಕೊಟ್ಟ ಸಲಹೆಗಳಲ್ಲಿ ಒಂದು: ಮತ್ತೆ ಮತ್ತೆ ರೀಸ್ಟಾರ್ಟ್ ಮಾಡಿ ನೋಡಿ, ಕೆಲವರಿಗೆ ಹದಿನೈದು ಸಲದವರೆಗೂ ಬೇಕಾಗಿದೆ. ವೈಟ್‌ಫೀಲ್ಡಿನ ಭಾವಮೈದನನ್ನು ಮೇಲೆ ಗೇಲಿ ಮಾಡಿದ್ದರಲ್ಲಿ ಅರ್ಧವನ್ನು ಇಲ್ಲಿ ವಾಪಸು ತೆಗೆದುಕೊಳ್ಳುತ್ತೇನೆ.

ಏನೇ ಮಾಡಿ, ಒಂದು ಸಲಕ್ಕೆ ಒಂದೇ ಮಾಡಿ. ಅಂಗಡಿಯವರು ಇದನ್ನು ಕೇಳುವುದಿಲ್ಲ. ಅವರು ಧೂಳು ಊದಿ, ರ‍್ಯಾಮು ಉಜ್ಜಿ, ಪೇಸ್ಟು ಬಳಿದು, ಬೋರ್ಡಿನ ಬಿಲ್ಲೆ ಬ್ಯಾಟರಿ ಬದಲಿಸಿ, ಕೊನೆಗೆ ಫಾರ್ಮ್ಯಾಟೂ ಮಾಡಿ ಕೊಡುತ್ತಾರೆ. ವಾಸಿಯಾದರೆ ಕೀರ್ತಿ ಫಾರ್ಮ್ಯಾಟಿಗೆ. ತಿಂಗಳ ಮೇಲೆ ಮತ್ತೆ ಬಿದ್ದರೆ ‘ಮದರ್‌ಬೋರ್ಡ್ ಹೋಗಿದೆ ಸಾರ್.’

ಎಲ್ಲ ಸರಿಹೋದ ಮೇಲೂ ಒಂದು ಬೆಳಗ್ಗೆ ಎದ್ದು ನೋಡಿದರೆ ರಾತ್ರಿ ತೆರೆದಿಟ್ಟದ್ದೆಲ್ಲ ಮುಚ್ಚಿ ಯಂತ್ರ ಹೊಸದಾಗಿ ನಿಂತಿರುತ್ತದೆ. ಭಾವಮೈದನಿಗೆ ಫೋನು ಮಾಡುವ ಮೊದಲು ದಿನಚರಿ ತೆರೆಯಿರಿ. 41 ಇಲ್ಲದೆ 1074 ಎಂಬ ನಮೂದಿದ್ದರೆ ಅದು ಬಿದ್ದದ್ದಲ್ಲ, ಹೇಳಿ ಹೋದದ್ದು. ಯಾರು ರೀಸ್ಟಾರ್ಟ್ ಕೇಳಿದರು, ಏನು ನೆಪ ಹೇಳಿದರು ಎಂದು ಅಲ್ಲೇ ಬರೆದಿರುತ್ತದೆ. ಬಹುಪಾಲು ವಿಂಡೋಸ್ ಅಪ್‌ಡೇಟು. ‘ಆ್ಯಕ್ಟಿವ್ ಅವರ್ಸ್’ ಎಂಬ ಸೆಟ್ಟಿಂಗಿನಲ್ಲಿ ಈ ಹೊತ್ತಿನಲ್ಲಿ ಮುಟ್ಟಬೇಡ ಎಂದು ಹೇಳಿಡಬಹುದು. ಹೆಚ್ಚೆಂದರೆ 18 ಗಂಟೆ ನಮಗೆ ಕೊಡುತ್ತಾರೆ. ಉಳಿದ ಆರು ಗಂಟೆ ಮೈಕ್ರೋಸಾಫ್ಟಿನದು. ಆ ಹೊತ್ತಿನಲ್ಲಿ ಕರೆಯೋಲೆಗೆ ಸೋದರಮಾವನ ಹೆಸರು ಸೇರಿಸಲು ಕೂರಬೇಡಿ.